ಹನ್ನೆರಡು ಕುದುರೆಗೆ ಹಾಕಿದ ಬೀಗ

ಮೊನ್ನೆ ರಾತ್ರಿ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ, ಊಟದ ಪಾರ್ಸೆಲ್ ತಂದ ಹುಡುಗನ ಜೊತೆ ಎರಡು ನಿಮಿಷ ಮಾತಾಡಿದೆ. ಅವನದು ನಂಬರ್ ಪ್ಲೇಟ್ ಇಲ್ಲದ ಪುಟ್ಟ ಎಲೆಕ್ಟ್ರಿಕ್ ಸ್ಕೂಟರ್. "ಇದು ಇಪ್ಪತ್ತೈದರ ಮೇಲೆ ಹೋಗಲ್ಲ ಅಲ್ವಾ?" ಅಂದೆ. ಹುಡುಗ ನಕ್ಕ. "ಲಾಕ್ ತೆಗೆಸಿದೀನಿ ಸರ್. ನಲವತ್ತೈದು ಆರಾಮಾಗಿ ಹೋಗುತ್ತೆ. ಇಪ್ಪತ್ತೈದರಲ್ಲಿ ಹೋಗ್ತಾ ಇದ್ರೆ ದಿನದ ಆರ್ಡರ್ ಮುಗಿಯುತ್ತಾ?" ಅಂತ ಹೇಳಿ ಹೋಗೇಬಿಟ್ಟ.

ಅವನಿಗೆ ಬುದ್ಧಿ ಹೇಳೋ ಯೋಗ್ಯತೆ ನನಗಿಲ್ಲ. 2008ರಲ್ಲಿ ನಾನೂ ಒಂದು ಲಾಕ್ ತೆಗೆಸಿದ್ದೆ. ಅವನಿಗಾದರೋ ಹೊಟ್ಟೆಪಾಡಿನ ಕಾರಣ ಇದೆ. ನನಗೆ ಅದೂ ಇರಲಿಲ್ಲ.

ನಾನು ಲಾಕ್ ತೆಗೆಸಿದ್ದು ಸೋದರಮಾವನ ಬೈಕಿಗೆ. ಆರ್‌ಸಿ ಪುಸ್ತಕದಲ್ಲಿ ಅದರ ಹೆಸರು ರಾಜದೂತ್ 350. ಆ ಹೆಸರಲ್ಲಿ ಯಾರೂ ಕರೆಯಲ್ಲ, ಎಲ್ಲರ ಬಾಯಲ್ಲೂ ಅದು ಆರ್‌ಡಿ. "ಯಮಹಾ ಅಂತೆ, ಹೆಸರಲ್ಲೇ ಯಮ ಇದಾನೆ" ಅಂತ ನಮ್ಮಜ್ಜಿ ಅದರ ನೆರಳು ಕಂಡರೂ ಗೊಣಗುತ್ತಿದ್ದರು.

ಮೂಲದಲ್ಲಿ ಅದು 1973ರಲ್ಲಿ ಜಪಾನಿನ ಯಮಹಾ ತಂದ ಬೈಕು. 347 ಸಿಸಿ, ಎರಡು ಸಿಲಿಂಡರ್, ಟೂ-ಸ್ಟ್ರೋಕ್, ಆರು ಗೇರು, 39 ಅಶ್ವಶಕ್ತಿ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು. ಅಲ್ಲಿ ಅದರ ಕಾಲ ಮುಗಿದು ಎಷ್ಟೋ ವರ್ಷವಾದ ಮೇಲೆ, 1983ರಲ್ಲಿ, ಎಸ್ಕಾರ್ಟ್ಸ್ ಕಂಪನಿ ಅದನ್ನು ನಮ್ಮ ದೇಶದಲ್ಲಿ ತಯಾರಿಸಲು ಶುರುಮಾಡಿತು. ಬುಲೆಟ್ಟು, ಮೈಸೂರಿನ ಯೆಜ್ಡಿ, ಇನ್ನೊಂದಷ್ಟು ಸ್ಕೂಟರು ಬಿಟ್ಟರೆ ಬೇರೆ ಕಾಣದ ರಸ್ತೆಗೆ ರೇಸ್ ಕುದುರೆ ಇಳಿದ ಹಾಗಾಯಿತು.

ಆದರೆ ಆ ಕುದುರೆಗೆ ಹುಟ್ಟುವಾಗಲೇ ಕಾಲು ಕಟ್ಟಿದ್ದರು. ಮೊದಲು ಬಂದ ಎಚ್‌ಟಿ, ಅಂದರೆ ಹೈ ಟಾರ್ಕ್ ಮಾದರಿಗೆ 30.5 ಅಶ್ವಶಕ್ತಿ. ಆಮೇಲೆ ಬಂದ ಎಲ್‌ಟಿ, ಲೋ ಟಾರ್ಕ್‌ಗೆ 27. ಮಾವನದು ಎಲ್‌ಟಿ. ಜಪಾನಿನ ಲೆಕ್ಕಕ್ಕೆ ಹೋಲಿಸಿದರೆ ಹನ್ನೆರಡು ಕುದುರೆ ಕಮ್ಮಿ. ಡಿಸ್ಕ್ ಹೋಗಿ ಡ್ರಮ್ ಬ್ರೇಕ್ ಬಂದಿತ್ತು.

ಕಾರಣ ಪೆಟ್ರೋಲು. ನಮ್ಮಲ್ಲಿ ಬೈಕು ನೋಡಿದವರು ಮೊದಲು ಕೇಳುವ ಪ್ರಶ್ನೆ "ಲೀಟರಿಗೆ ಎಷ್ಟು ಕೊಡುತ್ತೆ?" ಅನ್ನೋದೇ ತಾನೇ? ಆ ಪ್ರಶ್ನೆಗೆ ಆರ್‌ಡಿಯ ಹತ್ತಿರ ಮರ್ಯಾದಸ್ಥ ಉತ್ತರ ಇರಲಿಲ್ಲ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, ಅದೇ ವರ್ಷ ಯಮಹಾದ್ದೇ ಆರ್‌ಎಕ್ಸ್ 100 ಬಂತು. ಪೆಟ್ರೋಲು ಕುಡಿಯುವ 350ಕ್ಕೆ ಜಾಗ ಕಿರಿದಾಗುತ್ತಾ ಹೋಯಿತು. ಶಕ್ತಿ ಇಳಿಸಿದ್ದು ಉಳಿಯುವ ಪ್ರಯತ್ನ. ಆದರೂ ಆ ದಶಕ ಮುಗಿಯುವ ಹೊತ್ತಿಗೆ ಆರ್‌ಡಿಯ ಆಟ ಮುಗಿದಿತ್ತು.

ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: ನನ್ನ ಬೈಕಿನೊಳಗೆ ಹನ್ನೆರಡು ಕುದುರೆಗಳು ಬೀಗದ ಹಿಂದೆ ನಿಂತಿವೆ, ಶಿವಾಜಿನಗರದ ಒಬ್ಬ ಮೆಕ್ಯಾನಿಕ್ ಹತ್ತಿರ ಬೀಗದ ಕೈ ಇದೆ.

ಎಲ್ಲರೂ ಅವನನ್ನು ಭಾಯ್ ಅಂತಿದ್ದರು. ಸಿಲಿಂಡರ್ ಬಿಚ್ಚಿ ನನ್ನ ಕೈಗೆ ಕೊಟ್ಟು, "ಒಳಗೆ ನೋಡಿ ಸಾರ್, ಗೋಡೇಲಿ ಕಿಟಕಿ ಇದೆ" ಅಂದ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಆಚೆ ಬಿಡಲು ಫೋರ್-ಸ್ಟ್ರೋಕಿನಂತೆ ವಾಲ್ವ್ ಇರುವುದಿಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಿಂಡಿ ಇರುತ್ತದೆ. ಪಿಸ್ಟನ್ ಕೆಳಗಿಳಿದಾಗ ಕಿಂಡಿ ತೆರೆಯುತ್ತೆ, ಮೇಲೇರಿದಾಗ ಮುಚ್ಚುತ್ತೆ. ಹೊಗೆಕಿಂಡಿಯ ಮೇಲಂಚು ಎಷ್ಟು ಎತ್ತರದಲ್ಲಿದೆ ಅನ್ನುವುದರ ಮೇಲೆ ಎಂಜಿನ್ನಿನ ಸ್ವಭಾವವೇ ನಿಂತಿದೆ. ತಗ್ಗಿನಲ್ಲಿದ್ದರೆ ಸಾಧು. ಮೇಲಿದ್ದರೆ ಕಿಂಡಿ ಬೇಗ ತೆರೆದು, ಹೆಚ್ಚು ಆರ್‌ಪಿಎಂನಲ್ಲಿ ಎಂಜಿನ್ ಉಸಿರಾಡುತ್ತೆ, ಒದೆಯುತ್ತೆ. ಇದರ ಜೊತೆಗೆ ಸೈಲೆನ್ಸರ್ ಬಿಗಿ ಮಾಡಿ, ಕಾರ್ಬುರೇಟರಿನ ಜೆಟ್ ಸಣ್ಣದು ಮಾಡಿದರೆ ಕುದುರೆಗಳು ಲಾಯದಲ್ಲೇ ಉಳಿಯುತ್ತವೆ. ಬೀಗ ಅಂದರೆ ಇಷ್ಟೇ.

ಭಾಯ್ ಗೋಡೆಗೆ ಬಣ್ಣ ಬಳಿದು, ಸೂಜಿಯಲ್ಲಿ ಗೆರೆ ಎಳೆದು, ಅರದಲ್ಲಿ ಉಜ್ಜಲು ಕೂತ. "ಒಂದೂವರೆ ಮಿಲಿಮೀಟರ್. ಜಾಸ್ತಿ ತಿಂದ್ರೆ ಸಿಲಿಂಡರ್ ಸ್ಕ್ರ್ಯಾಪು." ಆಮೇಲೆ ದೊಡ್ಡ ಜೆಟ್. ಕೊನೆಗೆ ಮೀನಿನ ಹೊಟ್ಟೆಯ ಹಾಗೆ ನಡುವೆ ಉಬ್ಬಿದ ಎರಡು ಪೈಪು.

ಆ ಪೈಪಿನದು ಒಂದು ಕಥೆಯೇ ಇದೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಅನ್ನುವ ಎಂಜಿನಿಯರ್ ಇದ್ದ. ಹೊಗೆಯ ಜೊತೆ ಆಚೆ ಹೋಗುವ ಒತ್ತಡದ ಅಲೆಯನ್ನು ಪೈಪಿನ ಆಕಾರದಿಂದಲೇ ಹಿಂದಕ್ಕೆ ತಿರುಗಿಸಬಹುದು, ಸುಡದೆ ತಪ್ಪಿಸಿಕೊಂಡ ಪೆಟ್ರೋಲನ್ನು ಅದೇ ಅಲೆ ಸಿಲಿಂಡರಿಗೆ ವಾಪಸ್ ನೂಕುತ್ತದೆ ಅನ್ನುವುದನ್ನು ಅವನು ಪಳಗಿಸಿದ. 1961ರ ಹೊತ್ತಿಗೆ ಅವನ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಬರ್ಲಿನ್ ಗೋಡೆ ಎದ್ದಿತು. ಮರುತಿಂಗಳು ಸ್ವೀಡನ್ನಿನ ರೇಸಿಗೆ ಹೋದ ಎಂಜೆಡ್ ಸವಾರ ಅರ್ನ್ಸ್ಟ್ ಡೆಗ್ನರ್ ವಾಪಸ್ ಬರಲಿಲ್ಲ. ಹೆಂಡತಿ ಮಕ್ಕಳನ್ನು ಕಾರಿನ ಡಿಕ್ಕಿಯಲ್ಲಿ ಬಚ್ಚಿಟ್ಟು ಗಡಿ ದಾಟಿಸಲಾಯಿತು. ಮರುವರ್ಷ ಡೆಗ್ನರ್ ಜಪಾನಿನ ಸುಜುಕಿಗೆ 50 ಸಿಸಿ ವಿಶ್ವ ಚಾಂಪಿಯನ್‌ಷಿಪ್ ಗೆದ್ದುಕೊಟ್ಟ. ಒಂದು ದೇಶ ಬೀಗ ಹಾಕಿಟ್ಟಿದ್ದ ವಿದ್ಯೆ ಹೀಗೆ ಗೋಡೆ ಹಾರಿ ಬಂತು. ಅದರ ಕೂಸಿನ ಕೂಸು ಶಿವಾಜಿನಗರದ ಗಲ್ಲಿಯಲ್ಲಿ, ವೆಲ್ಡಿಂಗ್ ಗುರುತು ಆರದ ಪೈಪಾಗಿ ನನ್ನ ಬೈಕಿಗೆ ಕೂತಿತು.

ಬೈಕು ಕೊಡುವಾಗ ಭಾಯ್ ಹೇಳಿದ, "ಬ್ರೇಕ್ ಕೂಡ ಮಾಡಿಸ್ಕೊಳ್ಳಿ ಸಾರ್." ಮುಂದಿನ ತಿಂಗಳ ಸಂಬಳ ಬರಲಿ ನೋಡೋಣ ಅಂದೆ.

ಮುಂದಿನ ತಿಂಗಳಿಗೆ ಕಾಯುವಷ್ಟು ವ್ಯವಧಾನ ಬೈಕಿಗಿರಲಿಲ್ಲ, ನನಗೂ ಇರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆ. ಹಿಂದೆ ಗೆಳೆಯ ಕೂತಿದ್ದ. ಐದು ಸಾವಿರ ಆರ್‌ಪಿಎಂ ದಾಟಿದಾಗ ಯಾರೋ ಬೆನ್ನಿಗೆ ಗುದ್ದಿದ ಹಾಗೆ ಬೈಕು ಜಿಗಿಯುತ್ತಿತ್ತು, ಇಬ್ಬರೂ ಕೂಗುತ್ತಿದ್ದೆವು. ತಿರುವಿನಾಚೆ ಹೊಲದಿಂದ ಒಂದು ಟ್ರಾಕ್ಟರ್ ರಸ್ತೆಗೆ ಹತ್ತುತ್ತಿತ್ತು. ಬ್ರೇಕ್ ಹಿಡಿದೆ. ಬೈಕು ನಿಧಾನವಾಯಿತು, ಆದರೆ ಬೇಕಾದಷ್ಟು ಆಗಲಿಲ್ಲ.

ನನಗೆ ಮೊಣಕೈ ತರಚಿತು. ಗೆಳೆಯನ ಕಾಲು ಎರಡು ಕಡೆ ಮುರಿಯಿತು. ಎರಡು ಆಪರೇಷನ್, ಒಳಗೊಂದು ರಾಡು. ಕಾಲೇಜು ಟೀಮಿನಲ್ಲಿ ಫುಟ್‌ಬಾಲ್ ಆಡುತ್ತಿದ್ದವನು ಆಮೇಲೆ ಆಡಲಿಲ್ಲ. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ತಪ್ಪು ಬ್ರೇಕಿನದಲ್ಲ. 27 ಕುದುರೆಗೆ ಅಂತ ಕೂತಿದ್ದ ಬ್ರೇಕು ಅದು, ಅದೂ ಎಷ್ಟೋ ವರ್ಷ ಹಳೆಯದು. ನಾನು ಕುದುರೆ ಹೆಚ್ಚಿಸಿದೆ, ಲಗಾಮು ಮುಟ್ಟಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತ ಆ ವಾರಗಳಲ್ಲೇ ನನಗೆ ಈ ಬೀಗಗಳ ಚರಿತ್ರೆಯ ಹುಚ್ಚು ಹಿಡಿದಿದ್ದು. ಶಕ್ತಿ ಇರುವ ಎಂಜಿನ್ ಮಾಡಿ, ಆಮೇಲೆ ಅದನ್ನೇ ಕಟ್ಟಿಹಾಕುವುದು ಯಾಕೆ? ಹುಡುಕುತ್ತಾ ಹೋದರೆ ಒಂದೊಂದು ದೇಶದ ಬೀಗಕ್ಕೂ ಒಂದೊಂದು ಭಯ.

ಬ್ರಿಟನ್ನಿಗೆ ಹದಿನಾರು ವರ್ಷದ ಹುಡುಗರ ಭಯ. ಅಲ್ಲಿ ಹದಿನಾರಕ್ಕೇ 250 ಸಿಸಿ ಬೈಕು ಓಡಿಸಬಹುದಿತ್ತು. 1971ರ ಕೊನೆಗೆ ಸರ್ಕಾರ ಅದನ್ನು ನಿಲ್ಲಿಸಿ, ಹದಿನಾರರವರಿಗೆ ಪೆಡಲ್ ಇರುವ 50 ಸಿಸಿ ಮೊಪೆಡ್ ಸಾಕು ಅಂದಿತು. ಕಾನೂನಿನಲ್ಲಿ ಪೆಡಲ್ ಇತ್ತು, ವೇಗದ ಮಾತು ಇರಲಿಲ್ಲ. ಕಂಪನಿಗಳು ಏನು ಮಾಡಿದವು ಗೊತ್ತಾ? ಸಣ್ಣ ರೇಸ್ ಬೈಕಿನಂಥದ್ದಕ್ಕೇ ಪೆಡಲ್ ಅಂಟಿಸಿದವು! 1973ರಲ್ಲಿ ಬಂದ ಯಮಹಾ ಎಫ್‌ಎಸ್1-ಇ ಗಂಟೆಗೆ 70 ಕಿ.ಮೀ. ಆಸುಪಾಸು ಓಡುತ್ತಿತ್ತು. ಹುಡುಗರು ಅದಕ್ಕೆ 'ಫಿಜ್ಜಿ' ಅಂತ ಮುದ್ದಿನ ಹೆಸರಿಟ್ಟರು. ಸರ್ಕಾರ ಎಚ್ಚೆತ್ತು 1977ರಲ್ಲಿ ಮೊಪೆಡ್ಡಿಗೆ ಗಂಟೆಗೆ 30 ಮೈಲಿಯ ಮಿತಿ ಹಾಕಿತು. ಆಮೇಲೆ ಶುರುವಾಯಿತು ನೋಡಿ ಆಟ: ಕಾರ್ಖಾನೆ ಪೈಪಿನ ಬಾಯಿಗೆ ಒಂದು ವಾಷರ್ ಇಡುವುದು, ಹುಡುಗ ಶನಿವಾರ ಸಂಜೆ ಅದನ್ನು ಕಿತ್ತು ಬಿಸಾಕುವುದು. ಸವಾರನಿಗೆ ಕಲಿಸುವ ಬದಲು ಎಂಜಿನ್ನಿಗೆ ಬುದ್ಧಿ ಹೇಳಲು ಹೊರಟ ಕಾನೂನು ಅದು.

ಫ್ರಾನ್ಸಿನ ಕಥೆ ನನ್ನನ್ನು ಹೆಚ್ಚು ತಟ್ಟಿತು. 1980ರ ದಶಕದ ಮಧ್ಯದಿಂದ ಅಲ್ಲಿ ಯಾವ ಬೈಕೂ 100 ಅಶ್ವಶಕ್ತಿ ಮೀರುವ ಹಾಗಿರಲಿಲ್ಲ. ಗಡಿಯಾಚೆ ಇಟಲಿಯಲ್ಲಿ 150 ಕೊಡುವ ಬೈಕೇ ಇಲ್ಲಿ 100ಕ್ಕೆ ಇಳಿದು ಮಾರಾಟವಾಗುತ್ತಿತ್ತು. ಸಿಕ್ಕಿಬಿದ್ದರೆ ದಂಡ, ಅಪಘಾತವಾದರೆ ವಿಮೆಯ ತಕರಾರು. ಆದರೂ ಬೀಗ ತೆಗೆಸುವವರು ತೆಗೆಸುತ್ತಲೇ ಇದ್ದರು. ಮೂರು ದಶಕವಾದ ಮೇಲೆ, 2016ರಲ್ಲಿ, ಆ ಮಿತಿ ಹೋಯಿತು. ರಸ್ತೆಯಲ್ಲಿದ್ದ ಹಳೆಯ ಬೈಕುಗಳಿಗೂ ಬೀಗ ತೆಗೆಸಲು ಅವಕಾಶ ಕೊಟ್ಟರು, ಒಂದು ಷರತ್ತಿನ ಮೇಲೆ: ಬೈಕಿನಲ್ಲಿ ಎಬಿಎಸ್ ಇರಬೇಕು. ಬ್ರೇಕು ಸರಿಯಿದ್ದರೆ ಮಾತ್ರ ಬೀಗ ತೆಗಿ.

ಅದನ್ನು ಓದಿದಾಗ ಭಾಯ್ ಮಾತು ನೆನಪಾಯಿತು. ಒಂದು ದೇಶದ ಸರ್ಕಾರಕ್ಕೆ ಮೂರು ದಶಕ ಹಿಡಿದ ಬುದ್ಧಿಯನ್ನು ಅವನು ಒಂದೇ ವಾಕ್ಯದಲ್ಲಿ ಹೇಳಿದ್ದ, ಅದೂ ಬಿಟ್ಟಿಯಾಗಿ.

ಈಗ ಬೀಗ ಅರದಿಂದ ತೆಗೆಯುವಂಥದ್ದಲ್ಲ, ಸಾಫ್ಟ್‌ವೇರಿನೊಳಗೆ ಸೇರಿಕೊಂಡಿದೆ. ಲ್ಯಾಪ್‌ಟಾಪ್ ಚುಚ್ಚಿ ಹತ್ತು ನಿಮಿಷದಲ್ಲಿ ಇಸಿಯು ಬದಲಾಯಿಸಿಕೊಡುವವರು ನಮ್ಮ ಬೆಂಗಳೂರಿನಲ್ಲೇ ಇದ್ದಾರೆ, ನಿಮ್ಮ ಆಫೀಸಿನಲ್ಲೂ ಒಬ್ಬರು ಇರಬಹುದು. ಮೋಟಾರು ವಾಹನ ಕಾಯ್ದೆಯಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಇದೆ, ಆರು ತಿಂಗಳವರೆಗೆ ಜೈಲೂ ಆಗಬಹುದು. ಆದರೆ ದಂಡಕ್ಕೆ ಹೆದರಿ ಬೀಗ ಬಿಟ್ಟವರನ್ನು ನಾನು ನೋಡಿಲ್ಲ.

ನಾನು ಹೇಳುವುದು ಬೇರೆ. ಕಾರ್ಖಾನೆಯ ಬೀಗ ಒಂದು ಒಪ್ಪಂದ. ಎಂಜಿನ್ನಿಗೂ ಬ್ರೇಕಿಗೂ, ಬೈಕಿಗೂ ರಸ್ತೆಗೂ, ಸವಾರನಿಗೂ ಟ್ರಾಕ್ಟರಿನವನಿಗೂ ನಡುವಿನ ಒಪ್ಪಂದ. ಅದು ಕೆಟ್ಟದಾಗಿರಬಹುದು, ಹಳಸಿರಬಹುದು, ಬ್ರಿಟನ್ನಿನ ಪೆಡಲಿನ ಹಾಗೆ ನಗೆಪಾಟಲಾಗಿರಬಹುದು. ಮುರಿಯುವವನು ಮುರಿಯುವುದು ಮಾತ್ರ ತನ್ನ ಕಡೆಯ ಅರ್ಧವನ್ನು. ಉಳಿದರ್ಧಕ್ಕೆ ಸಹಿ ಹಾಕಿದವರು ಬೇರೆಯವರು, ಅವರನ್ನು ಯಾರೂ ಕೇಳಿರುವುದಿಲ್ಲ. ಆ ಡೆಲಿವರಿ ಹುಡುಗನ ಸ್ಕೂಟರನ್ನೇ ನೋಡಿ. 250 ವ್ಯಾಟ್‌ಗಿಂತ ಕಮ್ಮಿ, 25 ಕಿ.ಮೀ.ಗಿಂತ ಕಮ್ಮಿ ಅನ್ನುವ ಕಾರಣಕ್ಕೇ ಅದಕ್ಕೆ ನೋಂದಣಿ, ಲೈಸೆನ್ಸ್ ಯಾವುದೂ ಬೇಡ. ನಲವತ್ತೈದರಲ್ಲಿ ಅದು ಯಾರಿಗಾದರೂ ಗುದ್ದಿದರೆ ಅವರ ಆಸ್ಪತ್ರೆ ಖರ್ಚಿಗೆ ನಿಲ್ಲುವ ವಿಮೆ ಇಲ್ಲ. ಇಪ್ಪತ್ತೈದರಲ್ಲಿ ಓಡಿದರೆ ಹೊಟ್ಟೆ ತುಂಬದ ಹಾಗೆ ಲೆಕ್ಕ ಕಟ್ಟಿದವರು ಯಾರು ಅನ್ನುವುದು ಇನ್ನೊಂದು ಪ್ರಶ್ನೆ. ಬಿಸಿ ಊಟ ಬೇಗ ಬರಲಿ ಅನ್ನುವ ನಾನೂ ಅದರಲ್ಲಿ ಪಾಲುದಾರ.

ಮಾವನ ಆರ್‌ಡಿ ಈಗಲೂ ಇದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ ಬ್ರೇಕು ಪೂರಾ ಹೊಸದು ಮಾಡಿಸಿದೆ. ಜೆಟ್ಟು, ಸೈಲೆನ್ಸರು ಹಳೆಯದಕ್ಕೇ ಬಂದವು. ಕಿಂಡಿ ಮಾತ್ರ ಹಾಗೇ ಇದೆ. ಅರ ತಿಂದ ಕಬ್ಬಿಣ ವಾಪಸ್ ಬರುವುದಿಲ್ಲ. ವರ್ಷಕ್ಕೊಮ್ಮೆ ಗೆಳೆಯ ಮನೆಗೆ ಬಂದಾಗ ಅದನ್ನು ಸ್ಟಾರ್ಟ್ ಮಾಡು ಅಂತಾನೆ. ಮಾಡುತ್ತೇನೆ. ಇಬ್ಬರೂ ನಿಂತು ಸದ್ದು ಕೇಳುತ್ತೇವೆ. ಆಮೇಲೆ ಅವನು ಕಾಲು ನಿಧಾನಕ್ಕೆ ಎತ್ತಿಡುತ್ತಾ ಮೆಟ್ಟಿಲು ಹತ್ತುತ್ತಾನೆ, ನಾನು ಆಫ್ ಮಾಡುತ್ತೇನೆ.