ವಿದೇಶದಲ್ಲಿ ಬಾಡಿಗೆ ಕಾರು ಮತ್ತು ವಿಮೆ

ವಿದೇಶ ಪ್ರವಾಸದಲ್ಲಿ ಕಾರನ್ನು ಬಾಡಿಗೆಗೆ ಪಡೆದು ಸ್ವತಃ ಚಲಾಯಿಸುವ ಭಾರತೀಯರಿಗೆ ಮಾನ್ಯ ಚಾಲನಾ ಪರವಾನಗಿ ಹಾಗೂ ಆ ದೇಶದಲ್ಲಿ ಅನ್ವಯವಾಗುವ ವಿಮೆ ಅಗತ್ಯವಾಗಿವೆ.

ಪರವಾನಗಿ
ಹಲವು ದೇಶಗಳಲ್ಲಿ ಮೂಲ ಪರವಾನಗಿಯೊಂದಿಗೆ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ (ಐಡಿಪಿ) ಕೇಳಲಾಗುತ್ತದೆ. ಇದು 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದವನ್ನು ಆಧರಿಸಿದೆ. ಇದನ್ನು ಅರ್ಜಿದಾರರು ವಾಸಿಸುವ ಪ್ರದೇಶದ ಸಾರಿಗೆ ಕಚೇರಿ ನೀಡುತ್ತದೆ. ವಿಜಯಪುರ ನಗರ, ಅಥಣಿ ರಸ್ತೆಯಲ್ಲಿರುವ ತಿಕೋಟಾ ಹಾಗೂ ಬಬಲೇಶ್ವರದ ನಿವಾಸಿಗಳು ಕೆಎ-28 ಸಂಕೇತದ ವಿಜಯಪುರ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ. ಐಡಿಪಿಯ ಗರಿಷ್ಠ ಅವಧಿ 1 ವರ್ಷ. ಮೂಲ ಪರವಾನಗಿಯ ಅವಧಿ ಮುಗಿದರೆ ಇದೂ ಅಮಾನ್ಯವಾಗುತ್ತದೆ.

ವಿಮೆ
ಭಾರತದಲ್ಲಿ ಸ್ವಂತ ಕಾರಿಗೆ ಮಾಡಿಸಿದ ವಿಮೆಯು ವಿದೇಶದ ಬಾಡಿಗೆ ಕಾರಿಗೆ ಅನ್ವಯಿಸುವುದಿಲ್ಲ. ಬಾಡಿಗೆ ಕಾರಿಗೆ ಆಗುವ ಹಾನಿಯ ಹೊಣೆಯನ್ನು ‘ಕೊಲಿಷನ್ ಡ್ಯಾಮೇಜ್ ವೇವರ್’ ಎಂಬ ಕರಾರು ಮಿತಗೊಳಿಸುತ್ತದೆ. ಆದರೂ ‘ಎಕ್ಸೆಸ್’ ಎಂಬ ನಿಗದಿತ ಮೊತ್ತವನ್ನು ಬಾಡಿಗೆದಾರರೇ ಭರಿಸಬೇಕು. ಉದಾಹರಣೆಗೆ, ಎಕ್ಸೆಸ್ 1,000 ಯೂರೋ ಆಗಿದ್ದು ಹಾನಿ 3,000 ಯೂರೋ ಆದರೆ, ಬಾಡಿಗೆದಾರರ ಪಾಲು 1,000 ಯೂರೋ. ಗಾಜು, ಟೈರು ಮತ್ತು ತಳಭಾಗದ ಹಾನಿ ಸಾಮಾನ್ಯವಾಗಿ ಈ ಕರಾರಿನಿಂದ ಹೊರಗಿರುತ್ತದೆ. ಮದ್ಯ ಸೇವಿಸಿ ಚಲಾಯಿಸಿದರೆ ಅಥವಾ ಒಪ್ಪಂದದಲ್ಲಿ ಹೆಸರಿಲ್ಲದವರು ಚಲಾಯಿಸಿದರೆ ರಕ್ಷಣೆ ರದ್ದಾಗಿ ಪೂರ್ಣ ವೆಚ್ಚ ಬಾಡಿಗೆದಾರರ ಮೇಲೆ ಬೀಳಬಹುದು. ಕಾರನ್ನು ಪಡೆಯುವಾಗಲೇ ಹಳೆಯ ಗೀರು, ನೆಗ್ಗುಗಳ ಛಾಯಾಚಿತ್ರ ತೆಗೆದುಕೊಂಡರೆ ನಂತರದ ವಿವಾದಗಳಲ್ಲಿ ಅವು ಸಾಕ್ಷ್ಯವಾಗುತ್ತವೆ.