32 ವರ್ಷ ಕಾದ ಅರ್ಜಿ

(1/5)
ಸುಸ್ತಾಯ್ತು ಅಂದ್ರೆ ಸಾಕು, ನಮ್ಮಲ್ಲಿ ಡ್ರಿಪ್ಸ್ ಹಾಕಿಸ್ಕೊಂಡು ಬರ್ತಾರೆ. ಆ ಬಾಟಲಿಯೊಳಗೇ ಬ್ಯಾಕ್ಟೀರಿಯಾ ಇದ್ರೆ?

1971ರಲ್ಲಿ ಅಮೆರಿಕದಲ್ಲಿ ಆಗಿದ್ದು ಇದೇ. ಆಬಟ್ ಕಂಪನಿಯ ಡ್ರಿಪ್ಸ್ ಬಾಟಲಿಗಳ ಮುಚ್ಚಳದಲ್ಲಿ ಸೂಕ್ಷ್ಮಾಣುಗಳು ಸೇರಿಕೊಂಡು, ಅಲ್ಲಿಂದ ರೋಗಿಗಳ ರಕ್ತಕ್ಕೆ ಹೋಗಿದ್ದವು. ಸುಮಾರು 150 ಜನಕ್ಕೆ ಸೋಂಕು, 9 ಸಾವು ಅನ್ನೋ ಲೆಕ್ಕ ಸರ್ಕಾರದ ಕೈಯಲ್ಲೇ ಇತ್ತು. ಆದ್ರೂ ಬಾಟಲಿಗಳನ್ನ ವಾಪಸ್ ತರಿಸಲಿಲ್ಲ. ಮಾರುಕಟ್ಟೆಯ ದೊಡ್ಡ ಪಾಲು ಆ ಕಂಪನಿಯದ್ದೇ, ಒಮ್ಮೆಗೇ ನಿಲ್ಲಿಸಿದ್ರೆ ಕೊರತೆ ಆಗುತ್ತೆ ಅನ್ನೋ ಭಯ. ಹಾಗಾಗಿ ಆಸ್ಪತ್ರೆಗಳಿಗೆ ಹೋದ ಸಲಹೆ ಏನು ಗೊತ್ತಾ? ಬಳಸ್ತಾ ಇರಿ, ಸೋಂಕಿನ ಲಕ್ಷಣ ಕಂಡ್ರೆ ತೆಗೆಯಿರಿ!

ಇದು ಕಿವಿಗೆ ಬಿದ್ದಿದ್ದು 33 ವರ್ಷದ ಒಬ್ಬ ಡಾಕ್ಟರಿಗೆ. ಹೆಸರು ಸಿಡ್ನಿ ವುಲ್ಫ್. ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ರಕ್ತ ಹೆಪ್ಪುಗಟ್ಟುವುದರ ಬಗ್ಗೆ ಕೆಲಸ ಮಾಡಿದ್ದವರು. ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್ ಜೊತೆ ಸೇರಿ ಔಷಧ ನಿಯಂತ್ರಣ ಸಂಸ್ಥೆಗೆ (ಎಫ್‌ಡಿಎ) ಒಂದು ಪತ್ರ ಬರೆದರು. ಬರೆದು ಸುಮ್ಮನಿರದೆ, ಅದನ್ನ ಪತ್ರಿಕೆಗಳಿಗೂ ಕೊಟ್ಟರು. ಎರಡೇ ದಿನಕ್ಕೆ ಬಾಟಲಿಗಳು ವಾಪಸ್.

(2/5)
ಅದೇ ವರ್ಷ ಇಬ್ಬರೂ ಸೇರಿ 'ಪಬ್ಲಿಕ್ ಸಿಟಿಜನ್' ಸಂಸ್ಥೆಯ ಆರೋಗ್ಯ ಸಂಶೋಧನಾ ವಿಭಾಗ ಶುರು ಮಾಡಿದರು. ವುಲ್ಫ್ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅಲ್ಲೇ ಇದ್ದರು.

ಹಿನ್ನೆಲೆ ಚುಟುಕಾಗಿ: 1937ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಹುಟ್ಟು, ಮೊದಲು ಓದಿದ್ದು ಕೆಮಿಕಲ್ ಎಂಜಿನಿಯರಿಂಗ್, ಆಮೇಲೆ ಮೆಡಿಕಲ್.

ಅವರ ಕೆಲಸದ ರೀತಿ ನೋಡೋಕೆ ತುಂಬಾ ಬೋರಿಂಗ್. ಘೋಷಣೆ ಇಲ್ಲ, ಮೆರವಣಿಗೆ ಇಲ್ಲ. ಮಾಹಿತಿ ಹಕ್ಕಿನ ಕಾನೂನು ಬಳಸಿ ಸರ್ಕಾರದ ಕಡತಗಳನ್ನೇ ತರಿಸ್ಕೊಳ್ಳೋದು, ಓದೋದು. ಸರ್ಕಾರದ ವಿಜ್ಞಾನಿಗಳೇ ಬರೆದಿಟ್ಟ ಎಚ್ಚರಿಕೆ ಹುಡುಕಿ ತೆಗೆದು, 'ಈ ಔಷಧಿ ನಿಷೇಧಿಸಿ' ಅಂತ ಅರ್ಜಿ ಹಾಕೋದು. ಉತ್ತರ ಬರದಿದ್ರೆ ಕೋರ್ಟಿಗೆ ಹೋಗೋದು. ನನಗನ್ನಿಸೋ ಪ್ರಕಾರ ಅವರ ನಿಜವಾದ ಆಯುಧ ಕ್ಯಾಲೆಂಡರ್. ಅಪಾಯ ಗೊತ್ತಾದ ದಿನ ಯಾವುದು, ಕ್ರಮ ತಗೊಂಡ ದಿನ ಯಾವುದು, ನಡುವೆ ಎಷ್ಟು ದಿನ ಹೋಯ್ತು: ಎಲ್ಲರ ಮುಂದೆ ಅವರು ಕೇಳ್ತಾ ಹೋಗಿದ್ದು ಇದನ್ನೇ.

(3/5)
ಮೆಟ್‌ಫಾರ್ಮಿನ್ ಗೊತ್ತಲ್ವಾ? ನಮ್ಮ ಎಷ್ಟೋ ಮನೆಗಳ ಶುಗರ್ ಮಾತ್ರೆ. ಅದಕ್ಕೊಂದು ಒಡಹುಟ್ಟು ಇತ್ತು, ಫೆನ್‌ಫಾರ್ಮಿನ್. ಶುಗರ್ ಇಳಿಸ್ತಿತ್ತು ನಿಜ. ಆದ್ರೆ ಕೆಲವರಲ್ಲಿ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ ಜೀವಕ್ಕೇ ಕುತ್ತು ತರ್ತಿತ್ತು. 1976ರಲ್ಲಿ ಎಫ್‌ಡಿಎಯ ತಜ್ಞರ ಸಮಿತಿಯೇ 'ತೆಗೆಯಿರಿ' ಅಂದಿತ್ತು, ಕಡತ ಮಾತ್ರ ನಿಧಾನಕ್ಕೆ ಓಡಾಡ್ತಿತ್ತು. 1977ರಲ್ಲಿ ವುಲ್ಫ್ ತಂಡ ಅರ್ಜಿ ಹಾಕ್ತು. ಕಾನೂನಿನಲ್ಲಿದ್ದ, ಅಲ್ಲೀವರೆಗೆ ಯಾರೂ ಮುಟ್ಟದ ಒಂದು ಅಧಿಕಾರ ಬಳಸಿ ಅಂತ ಕೇಳಿದ್ರು. ಅದರ ಹೆಸರು 'ಸನ್ನಿಹಿತ ಅಪಾಯ'. ಜುಲೈನಲ್ಲಿ ಆರೋಗ್ಯ ಸಚಿವ ಜೋಸೆಫ್ ಕ್ಯಾಲಿಫಾನೊ ಆ ಅಧಿಕಾರವನ್ನ ಮೊದಲ ಸಲ ಬಳಸಿ ಫೆನ್‌ಫಾರ್ಮಿನ್ ಮಾರಾಟ ನಿಲ್ಲಿಸಿದರು.

ಭಾರತದಲ್ಲಿ ಫೆನ್‌ಫಾರ್ಮಿನ್ ನಿಷೇಧ ಆಗಿದ್ದು ಯಾವಾಗ? 2003ರ ಅಕ್ಟೋಬರ್. ಲೆಕ್ಕ ನೀವೇ ಹಾಕಿ.

(4/5)
ಈಗ ಆಸ್ಪಿರಿನ್ ಕಥೆ. ನನಗೆ ಅತಿ ಹೆಚ್ಚು ಸಿಟ್ಟು ಬಂದಿದ್ದು ಇದನ್ನ ಓದುವಾಗ.

ಫ್ಲೂ ಅಥವಾ ಸಿಡುಬು (ಸಣ್ಣದು, ಚಿಕನ್‌ಪಾಕ್ಸ್) ಬಂದ ಮಕ್ಕಳಿಗೆ ಜ್ವರಕ್ಕೆ ಅಂತ ಆಸ್ಪಿರಿನ್ ಕೊಡ್ತಿದ್ರು. ಕೆಲವು ಮಕ್ಕಳಿಗೆ ಆಮೇಲೆ ವಾಂತಿ, ಗೊಂದಲ, ಕೋಮಾ. ಲಿವರ್ ಮತ್ತು ಮಿದುಳಿಗೆ ಹೊಡೆತ. ಇದೇ ರೈ ಸಿಂಡ್ರೋಮ್. 1980ರಲ್ಲಿ ಅಮೆರಿಕದಲ್ಲಿ 555 ಪ್ರಕರಣ ವರದಿಯಾಗಿದ್ದವು. ಆಸ್ಪಿರಿನ್‌ಗೂ ಇದಕ್ಕೂ ನಂಟಿದೆ ಅಂತ ಅಧ್ಯಯನಗಳು ಹೇಳೋಕೆ ಶುರು ಮಾಡಿದ್ದವು.

ವುಲ್ಫ್ ಕೇಳಿದ್ದು ನಿಷೇಧ ಕೂಡ ಅಲ್ಲ ಗುರೂ! ಡಬ್ಬಿ ಮೇಲೆ ಎಚ್ಚರಿಕೆಯ ಒಂದು ಚೀಟಿ, ಅಷ್ಟೇ. 1982ರ ಜೂನ್‌ನಲ್ಲಿ ಸರ್ಕಾರ 'ಹಾಕ್ತೀವಿ' ಅಂತು. ಆಸ್ಪಿರಿನ್ ಉದ್ಯಮ ಬಲವಾಗಿ ವಿರೋಧಿಸ್ತು, ಇನ್ನೂ ಅಧ್ಯಯನ ಬೇಕು ಅನ್ನೋ ಮಾತು ಬಂತು. ನವೆಂಬರ್ ಹೊತ್ತಿಗೆ ಸರ್ಕಾರ ಹಿಂದೆ ಸರೀತು. ವುಲ್ಫ್ ತಂಡ ಕೋರ್ಟಿಗೆ ಹೋಯ್ತು. ಚೀಟಿ ಕಡ್ಡಾಯ ಆಗಿದ್ದು 1986ರಲ್ಲಿ. 1987ರಿಂದ ಯಾವ ವರ್ಷವೂ 36ಕ್ಕಿಂತ ಹೆಚ್ಚು ಪ್ರಕರಣ ವರದಿಯಾಗಿಲ್ಲ.

ಚೀಟಿಗೂ ಮೊದಲೇ ಸುದ್ದಿ ಓದಿ ಎಷ್ಟೋ ಅಪ್ಪ-ಅಮ್ಮ ಆಸ್ಪಿರಿನ್ ಬಿಟ್ಟಿದ್ರು, ಪ್ರಕರಣ ಇಳೀತಾನೂ ಇತ್ತು. ನಿಜ. ಆದ್ರೆ ಸುದ್ದಿ ಮುಟ್ಟದ ಮನೆಯ ಮಕ್ಕಳ ಗತಿ?

(5/5)
ಶೀರ್ಷಿಕೆಯ ಅರ್ಜಿಗೆ ಬರೋಣ. ಡಾರ್ವಾನ್, 1957ರಿಂದ ಮಾರುಕಟ್ಟೆಯಲ್ಲಿದ್ದ ನೋವಿನ ಮಾತ್ರೆ. ಒಳಗಿದ್ದ ರಾಸಾಯನಿಕ ಪ್ರೊಪಾಕ್ಸಿಫೀನ್. ದೇಹದಲ್ಲಿ ಅದು ಒಡೆದು ಆಗೋ ವಸ್ತು ಶೇಖರವಾಗ್ತಾ ಹೋಗಿ ಹೃದಯದ ಲಯ ಕೆಡಿಸ್ತಿತ್ತು. ವುಲ್ಫ್ ಮೊದಲ ಅರ್ಜಿ ಹಾಕಿದ್ದು 1978ರಲ್ಲಿ. ವಿಚಾರಣೆ ಆಯ್ತು, ಎಚ್ಚರಿಕೆ ಸೇರಿಸಿದ್ರು, ಮಾತ್ರೆ ಅಲ್ಲೇ ಉಳೀತು. 2005ರಲ್ಲಿ ಬ್ರಿಟನ್ ಹಿಂತೆಗೆಯೋಕೆ ನಿರ್ಧರಿಸ್ತು. 2006ರಲ್ಲಿ ವುಲ್ಫ್ ಮತ್ತೆ ಅರ್ಜಿ. 2009ರ ಜನವರಿಯಲ್ಲಿ ತಜ್ಞರ ಸಮಿತಿ 14-12 ಮತದಿಂದ 'ಬೇಡ' ಅಂತು, ಆದ್ರೂ ಎಫ್‌ಡಿಎ ಉಳಿಸಿಕೊಳ್ತು. ಕೊನೆಗೆ ಮಾರುಕಟ್ಟೆಯಿಂದ ಹೋಗಿದ್ದು 2010ರ ನವೆಂಬರ್‌ನಲ್ಲಿ.

ಔಷಧ ಕಂಪನಿಗಳಿಗೆ ವುಲ್ಫ್ ಅಂದ್ರೆ ಆಗ್ತಿರಲಿಲ್ಲ. ರೋಗಿಗಳನ್ನ ಸುಮ್ಮನೆ ಹೆದರಿಸ್ತಾರೆ ಅನ್ನೋ ಟೀಕೆಯೂ ಇತ್ತು. ಅದನ್ನ ಪೂರ್ತಿ ತಳ್ಳಿಹಾಕೋಕೆ ಆಗಲ್ಲ, ಹೆದರಿ ಬೇಕಾದ ಔಷಧಿ ಬಿಡೋದೂ ಅಪಾಯವೇ. ತಮಾಷೆ ಅಂದ್ರೆ, 2008ರಲ್ಲಿ ಎಫ್‌ಡಿಎ ಅವರನ್ನೇ ತನ್ನ ಔಷಧ ಸುರಕ್ಷತಾ ಸಮಿತಿಗೆ ಸೇರಿಸ್ಕೊಳ್ತು. 2011ರಲ್ಲಿ ಒಂದು ಗರ್ಭನಿರೋಧಕ ಮಾತ್ರೆಯ ಚರ್ಚೆ ಬಂದಾಗ, 'ನಿಮ್ಮ ಸಂಸ್ಥೆ ಇದನ್ನ ಬಳಸಬೇಡಿ ಅಂತ ಮೊದಲೇ ಹೇಳಿದೆ' ಅಂತ ಅವರಿಗೆ ಮತ ಹಾಕೋಕೆ ಬಿಡಲಿಲ್ಲ. ಮತ ಹಾಕಿದವರಲ್ಲಿ ಕೆಲವರಿಗೆ ಕಂಪನಿ ಜೊತೆ ನಂಟಿತ್ತು ಅನ್ನೋದು ಆಮೇಲೆ ಹೊರಬಂತು.

ವುಲ್ಫ್ ತೀರಿಕೊಂಡಿದ್ದು 2024ರ ಜನವರಿ 1ರಂದು, 86ನೇ ವಯಸ್ಸಲ್ಲಿ.

ಡಾರ್ವಾನ್ ಹೆಸರು ನಮ್ಮಲ್ಲಿ ಅಷ್ಟಾಗಿ ಯಾರೂ ಕೇಳಿರಲ್ಲ. ಪ್ರಾಕ್ಸಿವಾನ್ ಕೇಳಿದ್ದೀರಾ? ಮನೇಲಿ ದೊಡ್ಡವರನ್ನ ಕೇಳಿ ನೋಡಿ, ನೆನಪಿದ್ದರೂ ಇರಬಹುದು. ಅದರಲ್ಲಿದ್ದಿದ್ದೂ ಇದೇ ಪ್ರೊಪಾಕ್ಸಿಫೀನ್. ಭಾರತ ಸರ್ಕಾರ ಅದನ್ನ ನಿಲ್ಲಿಸಿದ್ದು 2013ರ ಮೇನಲ್ಲಿ, ವುಲ್ಫ್ ಮೊದಲ ಅರ್ಜಿ ಹಾಕಿ 35ನೇ ವರ್ಷಕ್ಕೆ.

ಮುಂದಿನ ವಾರ: ಥಾಲಿಡೊಮೈಡ್ ಫೈಲಿಗೆ ಸಹಿ ಹಾಕದ ಡಾ. ಫ್ರಾನ್ಸಿಸ್ ಕೆಲ್ಸಿ.

#ಔಷಧಿಚರಿತ್ರೆ #ಕನ್ನಡದಲ್ಲಿವಿಜ್ಞಾನ #ಸಿಡ್ನಿವುಲ್ಫ್