ತಾಳ್ಮೆಯೇ ಮಸಾಲೆ: ದನದ ಮಾಂಸದ ಸ್ಟ್ಯೂ ಮತ್ತು ಪಕ್ಕೆಲುಬಿನ ಖಾದ್ಯಗಳು

ಚಳಿಗಾಲದ ರಾತ್ರಿಗಳು ದೀರ್ಘವಾಗಿರುವ ನಾಡುಗಳಲ್ಲಿ, ಒಲೆಯ ಮೇಲೆ ಗಂಟೆಗಟ್ಟಲೆ ಸಣ್ಣಗೆ ಕುದಿಯುವ ಮಾಂಸದ ಪಾತ್ರೆಯು ಮನೆಯ ಬೆಚ್ಚನೆಯ ಸಂಕೇತವೇ ಆಗಿದೆ. ಮನಸ್ಸಿಗೆ ಸಮಾಧಾನ ನೀಡುವ, ಬಾಲ್ಯದ ನೆನಪು ತರುವ, ಹೊಟ್ಟೆ ತುಂಬಿಸುವ ಇಂತಹ ಅಡುಗೆಯನ್ನು ಇಂಗ್ಲಿಷಿನಲ್ಲಿ 'ಕಂಫರ್ಟ್ ಫುಡ್' ಎಂದು ಕರೆಯುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಕಾಣಿಸಿಕೊಂಡ ಈ ಮಾತು ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕನ್ನಡನಾಡಿನಲ್ಲಿ ಮಳೆಗಾಲದ ಬಿಸಿ ಸಾರು ಅನ್ನಕ್ಕಿರುವ ಸ್ಥಾನವೇ ಪಶ್ಚಿಮದ ಅನೇಕ ಮನೆಗಳಲ್ಲಿ ದನದ ಮಾಂಸದ ಸ್ಟ್ಯೂಗೆ ಇದೆ.

ಈ ಖಾದ್ಯಗಳ ಹಿನ್ನೆಲೆಯನ್ನು ಕೆದಕಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಇವು ಸಿರಿವಂತರ ಮನೆಯಲ್ಲಿ ಹುಟ್ಟಿದವಲ್ಲ. ಮೆತ್ತನೆಯ, ದುಬಾರಿ ಭಾಗಗಳನ್ನು ಕೊಳ್ಳಲಾಗದ ಜನರು, ಗಟ್ಟಿಯಾದ ಅಗ್ಗದ ಮಾಂಸವನ್ನು ಕೇವಲ ಸಣ್ಣ ಉರಿ ಮತ್ತು ಸಮಯದ ಬಲದಿಂದ ಮೆತ್ತಗಾಗಿಸಿದ ಜಾಣ್ಮೆಯ ಫಲಗಳಿವು.

ಗಟ್ಟಿ ಮಾಂಸ ಮೆತ್ತಗಾಗುವ ಬಗೆ:

ಪ್ರಾಣಿಯ ದೇಹದಲ್ಲಿ ಹೆಚ್ಚು ದುಡಿಯುವ ಭಾಗಗಳೆಂದರೆ ಭುಜ, ಎದೆ, ಕಾಲು ಮತ್ತು ಬಾಲ. ಸದಾ ಚಲನೆಯಲ್ಲಿರುವ ಈ ಸ್ನಾಯುಗಳನ್ನು ಬಿಗಿದು ಹಿಡಿಯುವುದು ಕೊಲಾಜೆನ್ ಎಂಬ ಪ್ರೋಟೀನು. ಪಕ್ಕೆಲುಬಿನ ಸುತ್ತಲೂ ಅದು ಸಮೃದ್ಧವಾಗಿರುತ್ತದೆ. ಇಂತಹ ಮಾಂಸವನ್ನು ಅವಸರದಲ್ಲಿ ಬೇಯಿಸಿದರೆ ಅಗಿಯಲಾಗದಷ್ಟು ಗಡುಸಾಗುತ್ತದೆ. ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಸ್ನಾಯುವಿನ ಎಳೆಗಳು ಮುದುಡಿ, ಒಳಗಿನ ನೀರನ್ನು ಹೊರದೂಡುವುದೇ ಇದಕ್ಕೆ ಕಾರಣ. ಅರ್ಧ ದಾರಿಯಲ್ಲಿ ಮುಚ್ಚಳ ತೆಗೆದು ನೋಡಿದವರಿಗೆ ಮಾಂಸ ಕೆಟ್ಟಿತೆಂದೇ ತೋರುತ್ತದೆ.

ಆದರೆ ಸುಮಾರು 70 ಡಿಗ್ರಿಯಿಂದಾಚೆಗೆ ಮತ್ತೊಂದು ಬದಲಾವಣೆ ವೇಗ ಪಡೆಯುತ್ತದೆ. ಕೊಲಾಜೆನ್ ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತದೆ. ಎಳೆಗಳ ನಡುವಿನ ಬಿಗಿತ ಸಡಿಲಗೊಂಡು ಮಾಂಸವು ಚಮಚದ ಒತ್ತಿಗೇ ಬಿಡಿಸಿಕೊಳ್ಳುತ್ತದೆ. ಕರಗಿದ ಜೆಲಟಿನ್ ರಸಕ್ಕೆ ಮಂದತೆಯನ್ನೂ ತುಟಿಗೆ ಅಂಟುವ ನುಣುಪನ್ನೂ ಕೊಡುತ್ತದೆ. ಈ ಕ್ರಿಯೆಗೆ ಎರಡೂವರೆಯಿಂದ ಮೂರೂವರೆ ಗಂಟೆ ಬೇಕು. ಉರಿ ಹೆಚ್ಚಿಸಿ ಸಮಯ ಉಳಿಸಲು ಹೊರಟರೆ ಎಳೆಗಳು ಒಣಗಿ ನಾರಾಗುತ್ತವೆಯೇ ಹೊರತು ಲಾಭವಿಲ್ಲ. 'ತಾಳಿದವನು ಬಾಳಿಯಾನು' ಎಂಬ ಗಾದೆ ಅಡುಗೆಮನೆಯಲ್ಲಿ ಅಕ್ಷರಶಃ ನಿಜವಾಗುವುದು ಇಲ್ಲಿಯೇ.

ಮೊದಲು ಹುರಿಯುವುದೇಕೆ?

ಮಾಂಸದ ತುಂಡುಗಳನ್ನು ಮೊದಲು ಬಿಸಿ ಎಣ್ಣೆಯಲ್ಲಿ ಕಂದು ಬಣ್ಣ ಬರುವಂತೆ ಹುರಿಯುವುದು ಬಹುತೇಕ ಎಲ್ಲ ಪಾಶ್ಚಾತ್ಯ ಸ್ಟ್ಯೂಗಳಲ್ಲಿ ಕಂಡುಬರುವ ಕ್ರಮ. ಹೀಗೆ ಮಾಡಿದರೆ ರಸ ಒಳಗೇ ಉಳಿಯುತ್ತದೆ ಎಂದು 19ನೇ ಶತಮಾನದ ಜರ್ಮನ್ ರಸಾಯನವಿಜ್ಞಾನಿ ಯುಸ್ಟಸ್ ಫಾನ್ ಲೀಬಿಗ್ ಪ್ರತಿಪಾದಿಸಿದ್ದ. ಈ ನಂಬಿಕೆ ತಪ್ಪೆಂದು ಆ ಬಳಿಕದ ಪ್ರಯೋಗಗಳು ತೋರಿಸಿಕೊಟ್ಟಿವೆ. ಹುರಿಯುವುದರ ನಿಜವಾದ ಪ್ರಯೋಜನ ರುಚಿ ಮತ್ತು ಪರಿಮಳ. ಸುಮಾರು 140 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಪ್ರೋಟೀನಿನ ಅಂಶಗಳೂ ಸಕ್ಕರೆಯೂ ಬೆರೆತು ನೂರಾರು ಹೊಸ ಪರಿಮಳಗಳು ಹುಟ್ಟುತ್ತವೆ. ಇದನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮಿಲ್ ಮೈಯಾರ್ ಅವರ ಹೆಸರೇ ಈ ಕ್ರಿಯೆಗೆ ಉಳಿದಿದೆ. ನೀರಿನಲ್ಲಿ ಕುದಿಯುವ ಮಾಂಸ ಅಷ್ಟು ಶಾಖವನ್ನು ಎಂದೂ ತಲುಪುವುದಿಲ್ಲವಾದ್ದರಿಂದ ಹುರಿಯುವ ಕೆಲಸ ಮೊದಲೇ ಆಗಬೇಕು.

ನಾಡು ಹಲವು, ಪಾತ್ರೆ ಒಂದೇ:

ಹಂಗೇರಿಯ ಗುಲಾಶ್ ದನಗಾಹಿಗಳ ಅಡುಗೆ. ಅಲ್ಲಿನ ಭಾಷೆಯಲ್ಲಿ 'ಗುಯಾ' ಎಂದರೆ ದನಗಳ ಮಂದೆ, 'ಗುಯಾಶ್' ಎಂದರೆ ಮಂದೆ ಕಾಯುವವನು. ಬಯಲುಸೀಮೆಯ ಹುಲ್ಲುಗಾವಲಿನಲ್ಲಿ ಬೆಂಕಿಯ ಮೇಲೆ ತೂಗುಹಾಕಿದ ಕಡಾಯಿಯಲ್ಲಿ ಮಾಂಸ, ಈರುಳ್ಳಿಗಳನ್ನು ಬೇಯಿಸುತ್ತಿದ್ದರು. ಇಂದು ಗುಲಾಶ್‌ಗೆ ಕೆಂಪು ಬಣ್ಣ ಕೊಡುವ ಪ್ಯಾಪ್ರಿಕಾ ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದು ನಂತರ ಸೇರಿಕೊಂಡದ್ದು. ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದ ಮೆಣಸಿನಕಾಯಿಯ ಮೂಲವೂ ಅದೇ ಖಂಡ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣದಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯನ್ನು ಪ್ಯಾಪ್ರಿಕಾಗೆ ಹೋಲಿಸುವುದುಂಟು.

ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಬೆಫ್ ಬೂರ್ಗಿನ್ಯೋನ್ ಕೆಂಪು ದ್ರಾಕ್ಷಾರಸದಲ್ಲಿ ಬೇಯುತ್ತದೆ. ಜತೆಗೆ ಹಂದಿಮಾಂಸದ ಚೂರು, ಅಣಬೆ, ಸಣ್ಣ ಈರುಳ್ಳಿಗಳಿರುತ್ತವೆ. 1961ರಲ್ಲಿ ಸಿಮೋನ್ ಬೆಕ್ ಮತ್ತು ಲೂಯಿಸೆಟ್ ಬೆರ್ತೋಲ್ ಅವರೊಡನೆ ಫ್ರೆಂಚ್ ಅಡುಗೆಯ ಗ್ರಂಥ ಹೊರತಂದ ಜೂಲಿಯಾ ಚೈಲ್ಡ್, 1963ರಲ್ಲಿ ತಮ್ಮ ದೂರದರ್ಶನ ಸರಣಿಯನ್ನು ಆರಂಭಿಸಿದ್ದು ಇದೇ ಖಾದ್ಯದಿಂದ. ಹಳ್ಳಿಯ ಅಡುಗೆಯೊಂದು ಅಮೆರಿಕದ ಮಧ್ಯಮವರ್ಗದ ಊಟದ ಮೇಜಿಗೆ ಏರಿದ್ದು ಹೀಗೆ.

ಪೂರ್ವ ಯೂರೋಪಿನ ಯೆಹೂದಿಗಳ ಚೋಲೆಂಟ್ ಧಾರ್ಮಿಕ ನಿಯಮದಿಂದ ರೂಪುಗೊಂಡ ಖಾದ್ಯ. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ರಾತ್ರಿಯವರೆಗೆ ಬೆಂಕಿ ಹೊತ್ತಿಸುವಂತಿಲ್ಲ, ಅಡುಗೆ ಮಾಡುವಂತಿಲ್ಲ. ಆದ್ದರಿಂದ ದನದ ಮಾಂಸ, ಹುರುಳಿಕಾಯಿ ಬೀಜ, ಬಾರ್ಲಿ, ಆಲೂಗಡ್ಡೆಗಳ ಪಾತ್ರೆಯನ್ನು ಸೂರ್ಯ ಮುಳುಗುವ ಮೊದಲೇ ಬೇಕರಿಯ ಒಲೆಯಲ್ಲಿಟ್ಟು ಬರುತ್ತಿದ್ದರು. ಮರುದಿನ ಮಧ್ಯಾಹ್ನ ಇಡೀ ಕುಟುಂಬಕ್ಕೆ ಬಿಸಿ ಊಟ ಸಿದ್ಧವಿರುತ್ತಿತ್ತು.

ರೋಮ್ ನಗರದ ಟೆಸ್ಟಾಚೊ ಬಡಾವಣೆಯಲ್ಲಿ 19ನೇ ಶತಮಾನದ ಕೊನೆಯಲ್ಲಿ ಆರಂಭಗೊಂಡು 1975ರಲ್ಲಿ ಮುಚ್ಚಿದ ಕಸಾಯಿಖಾನೆಯೊಂದಿತ್ತು. ಒಳ್ಳೆಯ ಮಾಂಸವೆಲ್ಲ ಉಳ್ಳವರಿಗೆ ಹೋದ ಮೇಲೆ ಉಳಿಯುತ್ತಿದ್ದ ಬಾಲ, ಕರುಳು, ತಲೆಗಳಿಗೆ 'ಐದನೆಯ ಕಾಲುಭಾಗ' ಎಂಬ ಅಡ್ಡಹೆಸರು. ಅದು ಅಲ್ಲಿನ ಕಾರ್ಮಿಕರ ಪಾಲಿಗೆ ಬರುತ್ತಿತ್ತು. ಬಾಲವನ್ನು ಟೊಮೆಟೊ, ಸೆಲರಿ ದಂಟಿನೊಡನೆ ತಾಸುಗಟ್ಟಲೆ ಬೇಯಿಸಿದ 'ಕೋಡಾ ಅಲ್ಲಾ ವಾಚ್ಚಿನಾರಾ' ಇಂದು ಆ ನಗರದ ಹೆಮ್ಮೆಯ ಖಾದ್ಯ.

ಕೊರಿಯಾದ ಗಾಲ್ಬಿಜಿಮ್ ಪಕ್ಕೆಲುಬಿನ ಅಡುಗೆಗೆ ಉತ್ತಮ ಉದಾಹರಣೆ. 'ಗಾಲ್ಬಿ' ಎಂದರೆ ಪಕ್ಕೆಲುಬು. ಸೋಯಾ ಸಾಸ್, ಬೆಳ್ಳುಳ್ಳಿ, ಮೂಲಂಗಿ, ಚೆಸ್ಟ್‌ನಟ್, ಎಲಚಿಯ ಜಾತಿಯ ಒಣಹಣ್ಣುಗಳೊಡನೆ ಅದನ್ನು ಬೇಯಿಸುತ್ತಾರೆ. ಮಾಂಸವನ್ನು ಮೆತ್ತಗಾಗಿಸಲು ಪೇರ್ ಹಣ್ಣಿನ ರಸ ಬೆರೆಸುವುದು ವಿಶೇಷ. ಸುಗ್ಗಿಯ ಹಬ್ಬ ಚುಸೊಕ್ ಮತ್ತು ಚಾಂದ್ರಮಾನ ಹೊಸವರ್ಷದ ದಿನ ಇದು ಮನೆಮನೆಗಳಲ್ಲಿ ಸಿದ್ಧವಾಗುತ್ತದೆ.

ಮನೆಯಲ್ಲಿ ಮಾಡುವ ವಿಧಾನ:

ನಾಲ್ಕರಿಂದ ಐದು ಮಂದಿಗೆ 1 ಕಿಲೋ ಭುಜದ ಅಥವಾ ಮೊಣಕಾಲಿನ ಮಾಂಸ ಸಾಕು. ಪಕ್ಕೆಲುಬಾದರೆ ಎಲುಬಿನ ತೂಕ ಸೇರುವುದರಿಂದ ಒಂದೂವರೆಯಿಂದ 2 ಕಿಲೋ ಬೇಕು. ಮಾಂಸವನ್ನು 4ರಿಂದ 5 ಸೆಂಟಿಮೀಟರ್ ಗಾತ್ರದ ತುಂಡುಗಳಾಗಿ ಕತ್ತರಿಸಿ, ತೇವವನ್ನು ಬಟ್ಟೆಯಿಂದ ಒರೆಸಿ ಉಪ್ಪು ಸವರಬೇಕು. ಒದ್ದೆ ಮಾಂಸ ಕಂದುಬಣ್ಣಕ್ಕೆ ಬರುವುದಿಲ್ಲ. ದಪ್ಪತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ಪಾತ್ರೆ ಕಿಕ್ಕಿರಿಯದಂತೆ ಸ್ವಲ್ಪ ಸ್ವಲ್ಪವಾಗಿ ಹುರಿದು ತೆಗೆದಿಡಬೇಕು.

ಅದೇ ಪಾತ್ರೆಯಲ್ಲಿ 2 ಈರುಳ್ಳಿ, 4 ಎಸಳು ಬೆಳ್ಳುಳ್ಳಿ ಬಾಡಿಸಿ, 1 ದೊಡ್ಡ ಚಮಚ ಮೈದಾ ಮತ್ತು 2 ಟೊಮೆಟೊ ಸೇರಿಸಬೇಕು. ಬಳಿಕ ಮುಕ್ಕಾಲು ಲೀಟರಿನಷ್ಟು ನೀರು ಅಥವಾ ಎಲುಬಿನ ಸಾರು ಹಾಕಿ ತಳಕ್ಕೆ ಅಂಟಿದ್ದನ್ನೆಲ್ಲ ಕೆರೆದು ಬೆರೆಸಬೇಕು. ಸ್ಟ್ಯೂವಿನ ಸಾರವೆಲ್ಲ ಆ ಅಂಟಿನಲ್ಲಿದೆ. ಮಾಂಸ, ಪಲಾವ್ ಎಲೆ, ಕಾಳುಮೆಣಸು ಸೇರಿಸಿ ಮುಚ್ಚಳ ಮುಚ್ಚಿ, ಆಗೊಂದು ಈಗೊಂದು ಗುಳ್ಳೆ ಏಳುವಷ್ಟು ಸಣ್ಣ ಉರಿಯಲ್ಲಿಡಬೇಕು. ಕ್ಯಾರೆಟ್, ಆಲೂಗಡ್ಡೆಗಳನ್ನು ಕೊನೆಯ 45 ನಿಮಿಷಗಳಲ್ಲಿ ಹಾಕಿದರೆ ಕರಗಿಹೋಗುವುದಿಲ್ಲ. ಪಕ್ಕೆಲುಬಿನಲ್ಲಿ ಕೊಬ್ಬು ಹೆಚ್ಚಾದ್ದರಿಂದ ಮೇಲೆ ತೇಲುವ ಜಿಡ್ಡನ್ನು ತೆಗೆಯುವುದು ಅಗತ್ಯ. ಎಲುಬು ಮಾಂಸದಿಂದ ಸುಲಭವಾಗಿ ಕಳಚಿ ಬಂದರೆ ಬೆಂದಿತೆಂದು ಅರ್ಥ.

ಪ್ರೆಶರ್ ಕುಕ್ಕರಿನೊಳಗೆ ಶಾಖ 120 ಡಿಗ್ರಿಯ ಸಮೀಪ ಏರುವುದರಿಂದ 45 ನಿಮಿಷದಿಂದ 1 ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಇಂಧನದ ಉಳಿತಾಯವೂ ಇದೆ. ಆದರೆ ಕೊಂಚ ಸಮಯ ಮೀರಿದರೂ ಮಾಂಸ ಎಳೆಎಳೆಯಾಗಿ ಒಣಗುವ ಅಪಾಯವಿದೆ.

ಉಳಿದ ಸ್ಟ್ಯೂ ಮರುದಿನ ಇನ್ನಷ್ಟು ರುಚಿಸುತ್ತದೆ ಎಂಬುದು ಅನುಭವದ ಮಾತು. ಆದರೆ ಉಗುರುಬೆಚ್ಚಗಿನ ಮಾಂಸದ ಸಾರಿನಲ್ಲಿ ಕುದಿತವನ್ನೂ ತಾಳಿ ಉಳಿದ ಬ್ಯಾಕ್ಟೀರಿಯಾ ಬೀಜಕಗಳು ಬೇಗ ಬೆಳೆಯುತ್ತವೆ. ಎರಡು ಗಂಟೆಯೊಳಗೆ ಅಗಲವಾದ ಪಾತ್ರೆಗೆ ಹಾಕಿ ಆರಿಸಿ ಫ್ರಿಜ್ಜಿನಲ್ಲಿಡಬೇಕು. ಬಡಿಸುವಾಗ ಕುದಿಯುವವರೆಗೆ ಬಿಸಿ ಮಾಡಬೇಕು.

ಕರ್ನಾಟಕದ ಮಟ್ಟಿಗೆ:

ಕರ್ನಾಟಕದಲ್ಲಿ 2021ರಲ್ಲಿ ಜಾರಿಗೆ ಬಂದ ಕಾಯಿದೆಯು ಹಸು, ಕರು, ಹೋರಿ, ಎತ್ತುಗಳ ಹಾಗೂ 13 ವರ್ಷದೊಳಗಿನ ಎಮ್ಮೆ, ಕೋಣಗಳ ವಧೆಯನ್ನು ನಿಷೇಧಿಸಿತು. ವಯಸ್ಸಾದ ಎಮ್ಮೆ, ಕೋಣಗಳ ಮಾಂಸಕ್ಕಷ್ಟೇ ಅದರಲ್ಲಿ ಅವಕಾಶವಿದ್ದದ್ದು. ಪ್ರಾಣಿಗೆ ವಯಸ್ಸಾದಷ್ಟೂ ಕೊಲಾಜೆನ್ ಎಳೆಗಳು ಪರಸ್ಪರ ಹೆಣೆದುಕೊಂಡು ಕರಗಲು ಹೆಚ್ಚು ಹೊತ್ತು ಬೇಡುತ್ತವೆ. ಅಂತಹ ಮಾಂಸಕ್ಕೆ ಸಣ್ಣ ಉರಿಯ ದೀರ್ಘ ಬೇಯುವಿಕೆಯೇ ತಕ್ಕ ಮಾರ್ಗ.

ದನದ ಮಾಂಸ ಸೇವಿಸದ ಮಾಂಸಾಹಾರಿಗಳಿಗೂ ಈ ತತ್ತ್ವ ಅಪರಿಚಿತವಲ್ಲ. ಕುರಿ ಮೇಕೆಗಳ ಕಾಲಿನಿಂದ ತಯಾರಿಸುವ ಕಾಲು ಸೂಪು ಆರಿದಾಗ ಹೆಪ್ಪುಗಟ್ಟುವುದು ಅದೇ ಜೆಲಟಿನ್ ಗುಣದಿಂದ. ನೆರೆಯ ಕೇರಳದ ಸಿರಿಯನ್ ಕ್ರೈಸ್ತರ ತೆಂಗಿನಹಾಲಿನ 'ಇಷ್ಟೂ' ಅಪ್ಪದೊಡನೆ ಬಡಿಸುವ ಹಬ್ಬದೂಟದ ಭಾಗ.

ಒಂದು ಕಾಲಕ್ಕೆ ಯಾರಿಗೂ ಬೇಡವಾಗಿದ್ದ ಬಾಲ ಮತ್ತು ಪಕ್ಕೆಲುಬುಗಳು ಇಂದು ಪಾಶ್ಚಾತ್ಯ ನಗರಗಳ ಹೋಟೆಲುಗಳಲ್ಲಿ ದುಬಾರಿ ತಿನಿಸುಗಳಾಗಿವೆ. ಬಡವರ ಅಡುಗೆಯನ್ನು ಜಗತ್ತು ಮೆಚ್ಚಿದ ಮೇಲೆ ಆ ಮಾಂಸ ಬಡವರ ಕೈಗೇ ಎಟುಕದಂತಾಗಿರುವುದು ವಿಪರ್ಯಾಸ. ಆದರೂ ಅದನ್ನು ಮೆತ್ತಗಾಗಿಸುವ ವಿದ್ಯೆ ಬದಲಾಗಿಲ್ಲ. ಸಣ್ಣ ಉರಿ, ದಪ್ಪತಳದ ಪಾತ್ರೆ, ಮೂರು ಗಂಟೆಗಳ ಕಾಯುವಿಕೆ, ಇಷ್ಟೇ ಅದರ ಬಂಡವಾಳ.